‘ಚಾರ್ಜ್’ ಎಂಬ ಹೊರೆ: ಒಂದು ಇಂಗ್ಲಿಷ್ ಪದವನ್ನು ತಪ್ಪಿಲ್ಲದೆ ಓದುವ ಬಗೆ

ರಾಜಾಜಿನಗರದ ಒಂದು ಮನೆಯ ಮಹಡಿಯಲ್ಲಿ ವಾರಕ್ಕೆ ಮೂರು ಸಂಜೆ ನಾನು ದುಡಿಯುವವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಆಟೊ ಓಡಿಸುವವರು, ಆಸ್ಪತ್ರೆಯ ಆಯಾಗಳು, ವಕೀಲರ ಕಚೇರಿಯ ಗುಮಾಸ್ತರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು ಬರುತ್ತಾರೆ. ಒಂದು ಸಂಜೆ ಪಾಠ ಮುಗಿದ ಮೇಲೆ ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳು ಹಿಂದೆಯೇ ಉಳಿದರು. ಊಟದ ಡಬ್ಬಿಯ ಚೀಲದಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಬಿಡಿಸಿದರು.

“ಮೇಡಂ, ಇದರಲ್ಲಿ ನನಗೆ ಚಾರ್ಜ್ ಮಾಡಿದ್ದೇವೆ ಎಂದು ಬರೆದಿದ್ದಾರೆ. ಎಷ್ಟು ದುಡ್ಡು ಎಂದು ಮಾತ್ರ ಎಲ್ಲಿಯೂ ಬರೆದಿಲ್ಲ. ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಯೇ?”

ಹಾಳೆಯಲ್ಲಿ ದುಡ್ಡಿನ ಮಾತೇ ಇರಲಿಲ್ಲ. ಕೆಲಸದಲ್ಲಿ ಅಜಾಗರೂಕತೆ ತೋರಿದರು ಎಂಬ ಆರೋಪವನ್ನು ಅವರ ಮೇಲೆ ಹೊರಿಸಲಾಗಿತ್ತು. ಮೂರು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಹೇಳಿಕೊಳ್ಳಲು ಏನೂ ಇಲ್ಲವೆಂದು ತಿಳಿಯಲಾಗುವುದು ಎಂದಿತ್ತು. ಎರಡು ದಿನ ಆಗಲೇ ಕಳೆದಿತ್ತು. ಬಸ್ ಚಾರ್ಜ್, ಆಟೊ ಚಾರ್ಜ್ ಎಂದು ಚಿಕ್ಕಂದಿನಿಂದ ಕೇಳಿದ ಕಿವಿಗೆ ಆ ಪದ ದುಡ್ಡಾಗಿಯೇ ಕೇಳಿಸಿದ್ದರಲ್ಲಿ ಅವರ ತಪ್ಪೇನೂ ಇಲ್ಲ.

ಅದೇ ತಿಂಗಳು ಇದಕ್ಕೆ ತದ್ವಿರುದ್ಧವಾದದ್ದೂ ನಡೆಯಿತು. ಅಪಾರ್ಟ್‌ಮೆಂಟಿನ ಕಾವಲು ಕೆಲಸದ ಹಿರಿಯರೊಬ್ಬರ ಮೊಬೈಲಿಗೆ ಅವರ ಖಾತೆಯ ಮೇಲೆ 295 ರೂಪಾಯಿ ಚಾರ್ಜ್ ಆಗಿದೆ ಎಂಬ ಸಂದೇಶ ಬಂದಿತು. ಟಿವಿ ಸುದ್ದಿಯಲ್ಲಿ ‘ಚಾರ್ಜ್‌ಶೀಟ್’ ಎಂದು ಕೇಳಿ ಕೇಳಿ ಅವರಿಗೆ ಇದು ಪೊಲೀಸರ ವ್ಯವಹಾರ ಅನ್ನಿಸಿತು. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ. ಅದು ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ: 250 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 45 ರೂಪಾಯಿ.

ನಿಘಂಟಿನ ಲೆಕ್ಕದಲ್ಲಿ ಸೆಟ್, ರನ್, ಗೆಟ್ ಇವುಗಳಿಗೆ ಚಾರ್ಜ್‌ಗಿಂತ ಹೆಚ್ಚು ಅರ್ಥಗಳಿವೆ. ಆದರೂ ನಾನು ಮೊದಲು ಕಲಿಸುವುದು ಚಾರ್ಜ್ ಪದವನ್ನೇ. ರನ್ ಪದವನ್ನು ತಪ್ಪಾಗಿ ಓದಿದರೆ ಒಂದು ವಾಕ್ಯ ಕೆಡುತ್ತದೆ. ಚಾರ್ಜ್ ಪದವನ್ನು ತಪ್ಪಾಗಿ ಓದಿದರೆ ಕೆಲಸ ಹೋಗಬಹುದು, ನಿವೇಶನ ಕೈತಪ್ಪಬಹುದು.

ಮೊದಲ ಹೆಜ್ಜೆ: ಅರ್ಥ ಹುಡುಕುವ ಮುನ್ನ ಹೊರೆ ಹುಡುಕಿ

ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಗೆ ಹೋದವರಿಗೆ ಈ ಪದದ ಮೂಲ ಕಣ್ಣೆದುರೇ ಸಿಗುತ್ತದೆ. ಲಾರಿಯ ಹಿಂದೆ ಬೆನ್ನು ಬಾಗಿಸಿ ನಿಂತ ಹಮಾಲಿ, ಅವನ ಬೆನ್ನಿನ ಮೇಲೆ ಇನ್ನಿಬ್ಬರು ಎತ್ತಿ ಇಡುವ ಈರುಳ್ಳಿ ಮೂಟೆ. ಲ್ಯಾಟಿನ್ನಿನಲ್ಲಿ ‘ಕಾರ್ರುಸ್’ ಎಂದರೆ ಸರಕು ಸಾಗಿಸುವ ಬಂಡಿ. ಬಂಡಿಗೆ ಹೊರೆ ಹೇರುವುದು ‘ಕಾರ್ರಿಕಾರೆ’. ಅದು ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರ್, ಕ್ಯಾರಿ, ವಿಮಾನ ನಿಲ್ದಾಣದ ಕಾರ್ಗೋ ಎಲ್ಲವೂ ಅದೇ ಬಂಡಿಯ ಸಂತಾನ.

ಅಂದರೆ ಈ ಪದಕ್ಕೆ ಹತ್ತಾರು ಬಿಡಿ ಅರ್ಥಗಳಿಲ್ಲ. ಒಂದೇ ಅರ್ಥವಿದೆ: ಮೇಲೆ ಹೊರಿಸುವುದು. ಹೊರಿಸಿದ್ದು ಏನು ಎಂಬುದಷ್ಟೇ ಬದಲಾಗುತ್ತದೆ. ಬೆಲೆ ಹೊರಿಸಿದರೆ ಶುಲ್ಕ, ತಪ್ಪು ಹೊರಿಸಿದರೆ ಆರೋಪ, ಕೆಲಸ ಹೊರಿಸಿದರೆ ಹೊಣೆ, ಸಾಲ ಹೊರಿಸಿದರೆ ಋಣಭಾರ, ಬ್ಯಾಟರಿಗೆ ವಿದ್ಯುತ್ ತುಂಬಿದರೆ ಅದೂ ಚಾರ್ಜ್.

ಕನ್ನಡ ಬಲ್ಲವರಿಗೆ ಇಲ್ಲಿ ಇಂಗ್ಲಿಷ್ ಓದುಗರಿಗೆ ಇಲ್ಲದ ಅನುಕೂಲವೊಂದಿದೆ. ಇಂಗ್ಲಿಷಿನವರು ಬಂಡಿಯನ್ನು ಮರೆತು ಶತಮಾನಗಳಾದವು. ನಾವು ಹೊರೆಯನ್ನು ಮರೆತಿಲ್ಲ. ನಮ್ಮ ಪತ್ರಿಕೆಗಳು ಇಂದಿಗೂ “ಆರೋಪ ಹೊರಿಸಿದರು” ಎಂದೇ ಬರೆಯುತ್ತವೆ, “ಹೊಣೆ ಹೊತ್ತರು” ಎಂದೇ ಬರೆಯುತ್ತವೆ. ಸಂಸ್ಕೃತದಿಂದ ಬಂದ ಮಾತುಗಳಲ್ಲೂ ಅದೇ ಚಿತ್ರವಿದೆ. ‘ಆರೋಪ’ ಎಂದರೆ ಮೂಲದಲ್ಲಿ ಮೇಲೆ ಏರಿಸಿ ಇಡುವುದು. ಒಬ್ಬರ ಬದಲು ಇನ್ನೊಬ್ಬರು ತಾತ್ಕಾಲಿಕವಾಗಿ ಅಧಿಕಾರ ವಹಿಸಿಕೊಂಡರೆ ಅದು ‘ಪ್ರಭಾರ’. ಆಸ್ತಿಯ ಮೇಲಿನ ಸಾಲ ‘ಋಣಭಾರ’. ಎರಡರಲ್ಲೂ ಭಾರ ಕುಳಿತಿದೆ. ಇದನ್ನು ಮೊದಲ ಬಾರಿ ಗಮನಿಸಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ಒಬ್ಬರ ಮೇಲೆ ಒಬ್ಬರು ಹೇರುವುದೆಲ್ಲವನ್ನೂ ಮನುಷ್ಯರು ಎರಡು ದೂರದ ಭಾಷೆಗಳಲ್ಲಿ ಒಂದೇ ರೀತಿ ಕಂಡಿದ್ದಾರೆ!

ಆದ್ದರಿಂದ ಚಾರ್ಜ್ ಎಂದು ಕಂಡ ಕೂಡಲೇ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಮೂರು ಪ್ರಶ್ನೆ ಬರೆಯಿರಿ. ಯಾರು ಹೊರಿಸಿದರು? ಯಾರ ಮೇಲೆ? ಏನನ್ನು? ಮೂರಕ್ಕೂ ಉತ್ತರ ಸಿಕ್ಕಿದರೆ ನಿಘಂಟು ಬೇಕಾಗುವುದೇ ಇಲ್ಲ.

ಎರಡನೆಯ ಹೆಜ್ಜೆ: ಬೆನ್ನಿಗೆ ಬರುವ ಪುಟ್ಟ ಪದ

ತರಗತಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಚಾರ್ಜ್ ಪದದ ಹಿಂದೆ ಅಥವಾ ಮುಂದೆ ಬರುವ ವಿತ್, ಫಾರ್, ಟು, ಆನ್, ಅಟ್ ಎಂಬ ಪುಟ್ಟ ಪದಗಳನ್ನು ನಮ್ಮ ಕಣ್ಣು ಹಾರಿಸಿಕೊಂಡು ಹೋಗುತ್ತದೆ. ಕನ್ನಡದಲ್ಲಿ ಈ ಕೆಲಸವನ್ನು ವಿಭಕ್ತಿ ಪ್ರತ್ಯಯ ಮಾಡುತ್ತದೆ. ಅದು ನಾಮಪದಕ್ಕೆ ಅಂಟಿಕೊಂಡೇ ಬರುವುದರಿಂದ ಬಿಡಿಯಾಗಿ ನಿಂತ ಪುಟ್ಟ ಪದಕ್ಕೆ ಬೆಲೆ ಕೊಡುವ ಅಭ್ಯಾಸ ನಮಗಿಲ್ಲ. ಆದರೆ ಅರ್ಥವನ್ನು ಕಟ್ಟುವುದು ಅದೇ.

‘ಫಾರ್’ ಬಂದರೆ ದುಡ್ಡು. ಪಾರ್ಸೆಲ್ ಕಟ್ಟಿಕೊಟ್ಟದ್ದಕ್ಕೆ ಹತ್ತು ರೂಪಾಯಿ ಚಾರ್ಜ್ ಎನ್ನುವಾಗ ಆ ‘ಕ್ಕೆ’ ಇಂಗ್ಲಿಷಿನಲ್ಲಿ ಫಾರ್ ಆಗುತ್ತದೆ.

‘ವಿತ್’ ಬಂದರೆ ಎಚ್ಚರವಾಗಿರಿ. ಅದರ ಮುಂದೆ ತಪ್ಪಿನ ಹೆಸರಿದ್ದರೆ, ಅಂದರೆ ಕಳ್ಳತನ, ಅಜಾಗರೂಕತೆ, ವಂಚನೆ ಎಂದಿದ್ದರೆ, ಅದು ಆರೋಪ. ಕೆಲಸದ ಹೆಸರಿದ್ದರೆ ಅದು ವಹಿಸಿಕೊಟ್ಟ ಹೊಣೆ. ಶಾಲಾ ವಾರ್ಷಿಕೋತ್ಸವದ ಊಟದ ಏರ್ಪಾಡನ್ನು ಒಬ್ಬ ಶಿಕ್ಷಕಿಗೆ ವಹಿಸಿದರೂ ಚಾರ್ಜ್ಡ್ ವಿತ್ ಎಂದೇ ಬರೆಯಬಹುದು. ಅಲ್ಲಿ ತಪ್ಪೇನೂ ಇಲ್ಲ, ಗೌರವವಿದೆ. ವಿತ್ ಮುಂದೆ ಭಾವನೆಯ ಹೆಸರು ಬಂದರೆ ಮೂರನೆಯ ಅರ್ಥ: ಆವೇಶ ತುಂಬಿದ ಸಭೆ, ಬಿಗುವು ಕವಿದ ವಾತಾವರಣ.

‘ಟು’ ಬಂದರೆ ದುಡ್ಡನ್ನು ಯಾವ ಲೆಕ್ಕಕ್ಕೆ ಬರೆಯಬೇಕು ಎಂದು ಹೇಳುತ್ತಿದ್ದಾರೆ. ‘ಅಗೆನ್ಸ್ಟ್’ ಬಂದರೆ ಬಹುತೇಕ ಆರೋಪ. ‘ಆನ್’ ಅಥವಾ ‘ಓವರ್’ ಬಂದು ಮುಂದೆ ಮನೆ, ನಿವೇಶನ, ಯಂತ್ರ ಎಂದಿದ್ದರೆ ಆ ಆಸ್ತಿಯ ಮೇಲೆ ಸಾಲವಿದೆ.

‘ಅಟ್’ ಬಂದರೆ ಮೇಲೆರಗುವುದು. ಬನ್ನೇರುಘಟ್ಟದ ಅಂಚಿನ ಊರುಗಳಲ್ಲಿ ಆನೆ ಮೈಮೇಲೆ ಏರಿ ಬಂತು ಎನ್ನುತ್ತಾರಲ್ಲ, ಅದು ಇದೇ. ಕಿವಿ ಅಗಲಿಸಿ ನಾಲ್ಕು ಹೆಜ್ಜೆ ಓಡಿಬಂದು ನಿಂತುಬಿಟ್ಟರೆ ಅದು ಮಾಕ್ ಚಾರ್ಜ್, ಅಂದರೆ ಹುಸಿ ದಾಳಿ. ಲಾಠಿ ಚಾರ್ಜ್ ಎಂಬಲ್ಲಿಯೂ ಇದೇ ಅರ್ಥ. ಆಯುಧವನ್ನು ತುಂಬಿ ಸಜ್ಜುಗೊಳಿಸುವ ಅರ್ಥದಿಂದ ನುಗ್ಗುವ ಅರ್ಥ ಬೆಳೆದಿರಬೇಕೆಂದು ಭಾಷಾತಜ್ಞರು ಊಹಿಸುತ್ತಾರೆ.

ಇನ್ನು ‘ಇನ್ ಚಾರ್ಜ್ ಆಫ್’ ಮತ್ತು ‘ಇನ್ ದ ಚಾರ್ಜ್ ಆಫ್’. ನಡುವೆ ಒಂದು ‘ದ’ ಸೇರಿದರೆ ಒಡೆಯ ಆಳಾಗುತ್ತಾನೆ, ಆಳು ಒಡೆಯನಾಗುತ್ತಾನೆ. ಮೊದಲನೆಯದರಲ್ಲಿ ವಾಕ್ಯದ ಕರ್ತೃ ನೋಡಿಕೊಳ್ಳುವವನು. ಎರಡನೆಯದರಲ್ಲಿ ಕರ್ತೃವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ. ದಾದಿ ಮಗುವಿನ ‘ಇನ್ ಚಾರ್ಜ್ ಆಫ್’; ಮಗು ದಾದಿಯ ‘ಇನ್ ದ ಚಾರ್ಜ್ ಆಫ್’. ನಮ್ಮ ತರಗತಿಗೆ ಬರುವ ಆಯಾ ಒಬ್ಬರು ತಮ್ಮ ಕೆಲಸದ ವಿವರ ಬರೆಯುವಾಗ ಆ ‘ದ’ ಸೇರಿಸಿಬಿಟ್ಟಿದ್ದರು. ಓದಿದವರಿಗೆ ಅವರೇ ರೋಗಿ ಎಂದು ತೋರುವಂತಿತ್ತು. ಒಂದು ಅಕ್ಷರ ಹೊಡೆದುಹಾಕಿದೆವು, ಹದಿನಾರು ವರ್ಷದ ಅನುಭವ ಮತ್ತೆ ಅವರದಾಯಿತು.

ಮೂರನೆಯ ಹೆಜ್ಜೆ: ಪಕ್ಕದಲ್ಲಿರುವ ಅಂಕಿಯನ್ನು ನೋಡಿ

ಇದು ಚಿಕ್ಕದು, ಆದರೆ ಅವಸರದಲ್ಲಿದ್ದಾಗ ಕಾಪಾಡುತ್ತದೆ. ರೂಪಾಯಿ ಚಿಹ್ನೆ ಇದ್ದರೆ ಶುಲ್ಕ. ಶೇಕಡಾ ಚಿಹ್ನೆ ಮೊಬೈಲಿನ ಪರದೆಯ ಮೇಲಿದ್ದರೆ ಬ್ಯಾಟರಿ. ಕಲಂ, ಸೆಕ್ಷನ್, ನಿಯಮ ಎಂಬ ಮಾತಿನ ಜೊತೆ ಸಂಖ್ಯೆ ಬಂದರೆ ಆರೋಪ ಅಥವಾ ಆಸ್ತಿಯ ಹೊರೆ. ಅಂಕಿ ಯಾವುದೂ ಇಲ್ಲದೆ ಕೊನೆಯ ದಿನಾಂಕ ಮಾತ್ರ ಇದ್ದರೆ ಆ ಕಾಗದವನ್ನು ಅಂದೇ ಯಾರಿಗಾದರೂ ತೋರಿಸಿ.

ನಾಲ್ಕನೆಯ ಹೆಜ್ಜೆ: ಕಾಗದ ಎಲ್ಲಿಂದ ಬಂತು?

ಪೊಲೀಸ್ ಠಾಣೆ ಮತ್ತು ನ್ಯಾಯಾಲಯದ ಮಾತಿನಲ್ಲಿ ಚಾರ್ಜ್ ಎರಡು ಬಾರಿ ಬರುತ್ತದೆ, ಎರಡೂ ಬೇರೆ ಬೇರೆ. ತನಿಖೆ ಮುಗಿದಾಗ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ವರದಿಗೆ ಚಾರ್ಜ್‌ಶೀಟ್ ಎನ್ನುತ್ತಾರೆ, ಕನ್ನಡದಲ್ಲಿ ದೋಷಾರೋಪ ಪಟ್ಟಿ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 173ನೇ ಕಲಂನಲ್ಲಿದ್ದ ಈ ವರದಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂನಲ್ಲಿದೆ. ಇದು ಪೊಲೀಸರ ಮಾತು ಮಾತ್ರ. ನ್ಯಾಯಾಧೀಶರು ಅದನ್ನು ಓದಿ, ವಿಚಾರಣೆ ನಡೆಸಲು ತಕ್ಕ ಆಧಾರವಿದೆ ಎನ್ನಿಸಿದರೆ ತಾವೇ ಆರೋಪವನ್ನು ನಿಗದಿ ಮಾಡುತ್ತಾರೆ. ಅದು ಎರಡನೆಯ ಚಾರ್ಜ್. ವಿಚಾರಣೆ ಶುರುವಾಗುವುದು ಅದರ ನಂತರ. ತಕ್ಕ ಸಾಕ್ಷ್ಯ ಸಿಗದಿದ್ದರೆ ಪೊಲೀಸರು ಚಾರ್ಜ್‌ಶೀಟ್ ಬದಲು ಬಿ ರಿಪೋರ್ಟ್ ಸಲ್ಲಿಸುತ್ತಾರೆ. ಕರ್ನಾಟಕದ ಪತ್ರಿಕೆ ಓದುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು.

ಬೆನ್ನ ಮೇಲೆ ಮೂಟೆ ಹೊರಿಸಿದ ಮಾತ್ರಕ್ಕೆ ಅದು ಹೊತ್ತವನ ಮೂಟೆ ಆಗುವುದಿಲ್ಲ. ಚಾರ್ಜ್‌ಶೀಟ್ ಹಾಕಿಸಿಕೊಂಡವರು ಆರೋಪಿ. ತೀರ್ಪು ಬಂದ ಮೇಲಷ್ಟೇ ಅಪರಾಧಿ ಎನ್ನಬಹುದು. ಈ ಎರಡು ಪದಗಳನ್ನು ಕಲಸಿ ಬರೆಯುವವರನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ. ಒಂದು ಪದದ ಸಡಿಲ ಬಳಕೆಯಿಂದ ಒಂದು ಮನೆಯವರು ಬೀದಿಯಲ್ಲಿ ತಲೆ ಎತ್ತದಂತಾಗುತ್ತದೆ.

ಕಾಗದ ನೀವು ಕೆಲಸ ಮಾಡುವ ಕಡೆಯಿಂದ ಬಂದಿದ್ದರೆ ಅದು ಆರೋಪಪತ್ರ. ಪೊಲೀಸರಿಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅದರಲ್ಲಿ ಯಾವ ದಿನ, ಯಾವ ಕೆಲಸ, ಏನು ತಪ್ಪು ಎಂದು ಬರೆದಿರುತ್ತದೆ. ಆ ಮೂರನ್ನೂ ಗುರುತು ಮಾಡಿ. ಗಡುವಿನೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ, ನಕಲಿನ ಮೇಲೆ ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ಸರ್ಕಾರಿ ಕಚೇರಿಯ ಚಾರ್ಜ್ ಸಾಮಾನ್ಯವಾಗಿ ಅಧಿಕಾರದ ಮಾತು. ವರ್ಗವಾದ ಅಧಿಕಾರಿ ಬಂದವರಿಗೆ ಚಾರ್ಜ್ ಕೊಡುತ್ತಾರೆ, ಬಂದವರು ಚಾರ್ಜ್ ತೆಗೆದುಕೊಳ್ಳುತ್ತಾರೆ. ಆಗ ಸಹಿ ಮಾಡುವ ಪ್ರಭಾರ ವರ್ಗಾವಣೆ ಪ್ರಮಾಣಪತ್ರವನ್ನು ಸಿ.ಟಿ.ಸಿ. ಎಂದು ಕರೆಯುತ್ತಾರೆ. ಅದೇ ಮೂರು ಅಕ್ಷರ ವೈಟ್‌ಫೀಲ್ಡಿನ ಐಟಿ ಕಂಪನಿಯಲ್ಲಿ ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ. ತಂದೆ ಸರ್ಕಾರಿ ನೌಕರಿಯಲ್ಲೂ ಮಗಳು ಐಟಿಯಲ್ಲೂ ಇರುವ ಮನೆಗಳಲ್ಲಿ ಇದನ್ನು ಒಮ್ಮೆ ವಿಚಾರಿಸಿ ನೋಡಿ.

ಪತ್ರಿಕೆಯ ‘ಇನ್‌ಚಾರ್ಜ್’ ಕನ್ನಡಕ್ಕೆ ಬರುವಾಗ ಎರಡಾಗಿ ಒಡೆಯುತ್ತದೆ. ಜಿಲ್ಲೆಯನ್ನು ನೋಡಿಕೊಳ್ಳುವ ಸಚಿವರು ‘ಉಸ್ತುವಾರಿ’. ಮುಖ್ಯೋಪಾಧ್ಯಾಯರು ನಿವೃತ್ತರಾಗಿ ಹೊಸಬರು ಬರುವ ತನಕ ಆ ಕೆಲಸ ನೋಡುವ ಸಹಶಿಕ್ಷಕರು ‘ಪ್ರಭಾರ’. ಒಂದು ಸ್ಥಿರ ಹೊಣೆ, ಇನ್ನೊಂದು ಇನ್ನೊಬ್ಬರು ಬರುವವರೆಗಿನದು. ಇಂಗ್ಲಿಷ್ ಈ ಭೇದ ಮಾಡುವುದಿಲ್ಲ, ಕನ್ನಡ ಮಾಡುತ್ತದೆ. ಭಾಷಾಂತರಿಸುವಾಗ ಯಾವುದು ಎಂದು ವಿಚಾರಿಸಿಕೊಂಡೇ ಬರೆಯಿರಿ.

ವಿಧಾನಸೌಧದ ಬಜೆಟ್ ಪುಸ್ತಕದಲ್ಲಿ ‘ಚಾರ್ಜ್ಡ್’ ಎಂಬ ಮಾತು ಕಂಡರೆ ಗಾಬರಿ ಬೇಡ. ಸಂವಿಧಾನದ 202ನೇ ವಿಧಿಯಂತೆ ರಾಜ್ಯದ ಸಂಚಿತ ನಿಧಿಯ ಮೇಲೆ ನೇರವಾಗಿ ಹೊರಿಸಿದ ವೆಚ್ಚಗಳಿವು: ರಾಜ್ಯಪಾಲರ ವೇತನ ಭತ್ಯೆ, ಹೈಕೋರ್ಟ್ ನ್ಯಾಯಮೂರ್ತಿಗಳ ವೇತನ, ಸಾಲದ ಬಡ್ಡಿ ಇತ್ಯಾದಿ. ಇವುಗಳ ಮೇಲೆ ಸದನ ಚರ್ಚೆ ಮಾಡಬಹುದು, ಮತಕ್ಕೆ ಹಾಕುವಂತಿಲ್ಲ.

ಐದನೆಯ ಹೆಜ್ಜೆ: ನಿವೇಶನ, ಮನೆ ಕೊಳ್ಳುವವರು ನಿಧಾನವಾಗಿ ಓದಬೇಕಾದದ್ದು

ಆಸ್ತಿ ಕೊಳ್ಳುವಾಗ ಉಪನೋಂದಣಿ ಕಚೇರಿಯಿಂದ ಇ.ಸಿ. ತೆಗೆಸುತ್ತೇವೆ, ಕನ್ನಡದಲ್ಲಿ ಋಣಭಾರ ಪ್ರಮಾಣಪತ್ರ. ಈಗ ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಮಾರುವವರು ಆಸ್ತಿಯ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಸಾಲ ಪಡೆದು, ಅದನ್ನು ನೋಂದಣಿ ಮಾಡಿಸಿದ್ದರೆ ಆ ವಿವರ ನಮೂನೆ 15ರಲ್ಲಿ ಕಾಣುತ್ತದೆ. ಬ್ಯಾಂಕಿನವರ ಇಂಗ್ಲಿಷಿನಲ್ಲಿ ಇದಕ್ಕೆ ಆಸ್ತಿಯ ಮೇಲಿನ ಚಾರ್ಜ್ ಎನ್ನುತ್ತಾರೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 100ನೇ ಕಲಂ ಕೂಡ ಈ ಪದವನ್ನು ಬಳಸುತ್ತದೆ.

ಇಲ್ಲಿ ಶುಲ್ಕದ ಅರ್ಥ ಹಚ್ಚಿಕೊಂಡರೆ ಏನಾಗುತ್ತದೆ ನೋಡಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಿ, ನೋಂದಾಯಿತ ‘ಚಾರ್ಜಸ್’ ತೆಗೆದುಹಾಕಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. 2023ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ನಮ್ಮ ತರಗತಿಯ ಒಬ್ಬರು ಇದನ್ನು ಓದಿ, ಬ್ಯಾಂಕು ತಮ್ಮ ಶುಲ್ಕವನ್ನೆಲ್ಲ ಮನ್ನಾ ಮಾಡಬೇಕಂತೆ ಎಂದು ಸಂತೋಷಪಟ್ಟರು. ತೆಗೆದುಹಾಕಬೇಕಾದದ್ದು ಶುಲ್ಕವಲ್ಲ, ಮನೆಯ ಮೇಲೆ ಕುಳಿತ ಭಾರ. ಸಾಲ ತೀರಿಸಿದವರು ದಾಖಲೆ ಕೈಗೆ ಬಂತೆಂದು ಸುಮ್ಮನಾಗದೆ, ಇನ್ನೊಮ್ಮೆ ಇ.ಸಿ. ತೆಗೆಸಿ ಸಾಲ ತೀರಿದ ನಮೂದು ಬಂದಿದೆಯೇ ಎಂದು ನೋಡಬೇಕು. ಹತ್ತು ವರ್ಷದ ಮೇಲೆ ಮಕ್ಕಳು ಮಾರಲು ಹೊರಟಾಗ ಅಡ್ಡ ಬರುವುದು ಈ ಮರೆವೇ.

ಆರನೆಯ ಹೆಜ್ಜೆ: ‘ಡಿಸ್’ ಸೇರಿದರೆ ಹೊರೆ ಇಳಿಸಿ

ಹೊರಿಸುವುದು ತಿಳಿದವರಿಗೆ ಇಳಿಸುವುದು ತಾನಾಗಿ ತಿಳಿಯುತ್ತದೆ. ಡಿಸ್ಚಾರ್ಜ್ ಎಂದರೆ ಬಂಡಿಯಿಂದ ಹೊರೆ ಇಳಿಸುವುದು. ರೋಗಿಯ ಭಾರ ಆಸ್ಪತ್ರೆಯ ಮೇಲಿಂದ ಇಳಿದರೆ ಮನೆಗೆ ಹೋಗಬಹುದು. ಸಾಲದ ಭಾರ ಇಳಿದರೆ ಋಣ ತೀರಿತು. ಬ್ಯಾಟರಿಯದು ಇಳಿದರೆ ಮೊಬೈಲ್ ಆರಿತು. ಕೆ.ಆರ್.ಎಸ್. ಅಣೆಕಟ್ಟಿನ ಡಿಸ್ಚಾರ್ಜ್ ಎಂದರೆ ಹೊರಹರಿವು. ಪತ್ರಿಕೆಯಲ್ಲಿ ಕ್ಯೂಸೆಕ್ ಲೆಕ್ಕದಲ್ಲಿ ಕೊಡುತ್ತಾರೆ, ಬೆಂಗಳೂರಿನವರೂ ಆಸೆಯಿಂದ ಓದುತ್ತಾರೆ. ನಲ್ಲಿಗೆ ಬರುವ ಕಾವೇರಿಯಲ್ಲವೇ.

ಆಸ್ಪತ್ರೆಯ ಕಾಗದದಲ್ಲಿ ಮಾತ್ರ ಈ ಪದಕ್ಕೆ ಎರಡು ಅರ್ಥಗಳು ಒಂದೇ ಪುಟದಲ್ಲಿ ಬರುತ್ತವೆ. ಮೇಲ್ಗಡೆ ಡಿಸ್ಚಾರ್ಜ್ ಸಮರಿ ಎಂದಿದ್ದರೆ ಮನೆಗೆ ಕಳುಹಿಸುವಾಗಿನ ವಿವರ. ಕೆಳಗೆ, ಗಾಯದಿಂದ ಡಿಸ್ಚಾರ್ಜ್ ಕಂಡರೆ ಕೂಡಲೇ ಬನ್ನಿ ಎಂದಿದ್ದರೆ ಅದು ಕೀವು ಅಥವಾ ಸ್ರಾವ. ಶಸ್ತ್ರಚಿಕಿತ್ಸೆಯಾದವರನ್ನು ಮನೆಗೆ ಕರೆತಂದವರು ಈ ಎರಡನೆಯ ಸಾಲನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಓದಿ.

ನ್ಯಾಯಾಲಯದಲ್ಲಿ ಡಿಸ್ಚಾರ್ಜ್ ಬೇರೆ, ಖುಲಾಸೆ ಬೇರೆ. ವಿಚಾರಣೆಗೆ ಮೊದಲೇ, ಆರೋಪ ನಿಗದಿ ಮಾಡಲು ಆಧಾರವಿಲ್ಲವೆಂದು ಕೈಬಿಟ್ಟರೆ ಡಿಸ್ಚಾರ್ಜ್. ವಿಚಾರಣೆ ನಡೆದು ತಪ್ಪು ಸಾಬೀತಾಗದೆ ಬಿಟ್ಟರೆ ಖುಲಾಸೆ.

‘ರೀ’ ಸೇರಿದರೆ ಮತ್ತೆ ತುಂಬುವುದು. ಮೊಬೈಲಿಗೆ ಕರೆನ್ಸಿ ಹಾಕಿಸುವುದೂ ರೀಚಾರ್ಜ್, ಮಳೆನೀರನ್ನು ನೆಲಕ್ಕೆ ಇಂಗಿಸುವುದೂ ರೀಚಾರ್ಜ್. ಕನ್ನಡದಲ್ಲಿ ಎರಡನೆಯದು ಮರುಪೂರಣ, ತುಂಬ ಚೆಂದದ ಪದ. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹವನ್ನು ಜಲಮಂಡಳಿ ಕಡ್ಡಾಯ ಮಾಡಿದ್ದು 2009ರಲ್ಲಿ. ಮನೆ ಕಟ್ಟುವವರ ನಕ್ಷೆಯಲ್ಲಿ ‘ರೀಚಾರ್ಜ್ ವೆಲ್’ ಎಂದಿದ್ದರೆ ಅದು ಇಂಗುಬಾವಿ. ‘ಸರ್’ ಸೇರಿದರೆ ಹೊರೆಯ ಮೇಲೆ ಹೊರೆ: ತೆರಿಗೆಯ ಮೇಲಿನ ಮೇಲ್ತೆರಿಗೆ. ‘ಓವರ್’ ಸೇರಿದರೆ ಹೊರಬಾರದಷ್ಟು ಹೊರಿಸುವುದು.

ಏಳನೆಯ ಹೆಜ್ಜೆ: ನಮ್ಮ ಚಾರ್ಜ್ ಇಂಗ್ಲಿಷಿನ ಚಾರ್ಜ್ ಅಲ್ಲದಿರುವ ಕಡೆ

ಕನ್ನಡ ಈ ಪದವನ್ನು ತೆಗೆದುಕೊಂಡು ತನ್ನದಾಗಿ ಮಾಡಿಕೊಂಡಿದೆ. ಅದರಲ್ಲಿ ತಪ್ಪಿಲ್ಲ. ಮೆಜೆಸ್ಟಿಕ್ಕಿಗೆ ಬಸ್ ಚಾರ್ಜ್ ಎಷ್ಟು ಎಂದು ಕನ್ನಡದಲ್ಲಿ ಕೇಳಿ, ಧಾರಾಳವಾಗಿ ಕೇಳಿ. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ಪ್ರಯಾಣದ ದರ ‘ಫೇರ್’. ವೈದ್ಯರು, ವಕೀಲರು, ಶಾಲೆ ಪಡೆಯುವುದು ‘ಫೀ’. ವಸ್ತುವಿನದು ‘ಪ್ರೈಸ್’. ತಪ್ಪಿಗೆ ಕಟ್ಟುವುದು ‘ಫೈನ್’. ಸೇವೆಗೋ ಬಳಕೆಗೋ ಹಾಕುವುದು ಚಾರ್ಜ್. 2025ರ ಆಗಸ್ಟ್ 1ರಿಂದ ನಗರದಲ್ಲಿ ಆಟೊಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಇದು ಇಂಗ್ಲಿಷಿನಲ್ಲಿ ಫೇರ್. ಆದರೆ ಪ್ರಯಾಣಿಕರು ಕಾಯಿಸಿದ್ದಕ್ಕೆ ಮೊದಲ ಐದು ನಿಮಿಷದ ಮೇಲೆ ಪ್ರತಿ ಹದಿನೈದು ನಿಮಿಷಕ್ಕೆ ಸೇರುವ 10 ರೂಪಾಯಿ ವೆಯ್ಟಿಂಗ್ ಚಾರ್ಜ್. ನಮ್ಮ ಆಟೊ ಸ್ನೇಹಿತರು ಈ ಭೇದವನ್ನು ಎಲ್ಲರಿಗಿಂತ ಬೇಗ ಹಿಡಿದರು.

ವಿದ್ಯುತ್ ಬಿಲ್ಲಿನಲ್ಲಿಯೂ ಹೀಗೆಯೇ. ಬೆಸ್ಕಾಂ ಬಿಲ್ಲಿನ ಫಿಕ್ಸೆಡ್ ಚಾರ್ಜ್ ನೀವು ಬಳಸಿದ ಯೂನಿಟ್ಟಿಗೆ ಅಲ್ಲ, ಮನೆಗೆ ಮಂಜೂರಾದ ಲೋಡಿಗೆ ಬೀಳುತ್ತದೆ. ಅಲ್ಲಿಯೂ ‘ಲೋಡ್’ ಬಂದಿತು, ಅಂದರೆ ಅದೇ ಹೊರೆ.

ಬ್ಯಾಟರಿಯ ಚಾರ್ಜ್ ಬಗ್ಗೆ ಶಾಲೆಯ ಮಕ್ಕಳು ಕೇಳಿದರೆ ಹೇಳಿ. ಹದಿನೆಂಟನೆಯ ಶತಮಾನದಲ್ಲಿ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ತುಂಬಿಡುವ ಪ್ರಯೋಗ ಮಾಡುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಚಾರ್ಜ್ ಎಂಬ ಮಾತನ್ನು ಅದಕ್ಕೆ ಬಳಸಿದರು. ಬಂದೂಕಿಗೆ ಮದ್ದು ತುಂಬುವುದಕ್ಕೆ ಆಗಲೇ ಆ ಮಾತಿತ್ತು. ಸಾಲಾಗಿ ನಿಂತ ಫಿರಂಗಿಗಳಿಗಿದ್ದ ಬ್ಯಾಟರಿ ಎಂಬ ಹೆಸರನ್ನು ಸಾಲು ಜಾಡಿಗಳಿಗೆ ಇಟ್ಟವರೂ ಅವರೇ. ಭೌತಶಾಸ್ತ್ರದ ಕನ್ನಡ ಪಠ್ಯದಲ್ಲಿ ಇದು ವಿದ್ಯುದಾವೇಶ, ಅಳತೆ ಕೂಲಮ್. ಮೊಬೈಲ್ ಡಬ್ಬಿಯ ಮೇಲಿನ 5,000 ಮಿಲಿ ಆಂಪಿಯರ್-ಅವರ್ ಎಂದರೆ 18,000 ಕೂಲಮ್.

ಎಂಟನೆಯ ಹೆಜ್ಜೆ: ಒಂದು ನೋಟ್‌ಬುಕ್

ಒಂದು ಪದಕ್ಕೆ ಎರಡು ಪುಟ. ಎಡಗಡೆ ನಿಮಗೆ ನಿಜವಾಗಿ ಎದುರಾದ ವಾಕ್ಯ: ಬಿಲ್ಲಿನಿಂದ, ಬಾಗಿಲ ಮೇಲಿನ ಫಲಕದಿಂದ, ಮೊಬೈಲ್ ಸಂದೇಶದಿಂದ. ಬಲಗಡೆ ಅದಕ್ಕೆ ಒಪ್ಪುವ ಕನ್ನಡ. ನಿಘಂಟಿನಿಂದ ವಾಕ್ಯ ನಕಲು ಮಾಡಬೇಡಿ. ಅದು ನೆನಪಿನಲ್ಲಿ ನಿಲ್ಲುವುದಿಲ್ಲ. ಒಂದು ತಿಂಗಳಿಗೆ ಹನ್ನೆರಡು ವಾಕ್ಯ ಸಿಕ್ಕಿದರೂ ಬೇಕಾದಷ್ಟಾಯಿತು. ಚಾರ್ಜ್ ಮುಗಿದ ಮೇಲೆ ಕೇಸ್, ಆರ್ಡರ್, ಬಾಂಡ್, ಬ್ಯಾಲೆನ್ಸ್ ತೆಗೆದುಕೊಳ್ಳಿ. ಇವೂ ಕಚೇರಿ, ಬ್ಯಾಂಕು, ನ್ಯಾಯಾಲಯ ಮೂರರಲ್ಲೂ ಓಡಾಡುವ ಪದಗಳು. ಪ್ರತಿಯೊಂದರ ಮೊದಲ ಸಾಲಿನಲ್ಲಿ ಅದರ ಮೂಲ ಚಿತ್ರವನ್ನು ಬರೆಯಿರಿ. ಚಾರ್ಜ್‌ಗೆ ಬಂಡಿಯಂತೆ, ಬ್ಯಾಲೆನ್ಸ್‌ಗೆ ಎರಡು ತಟ್ಟೆಯ ತಕ್ಕಡಿ.

ಆ ಸಂಜೆ ನಾವು ಉತ್ತರ ಬರೆಯಲು ಕುಳಿತಾಗ ಏಳೂವರೆ. ವಕೀಲರ ಕಚೇರಿಯ ಗುಮಾಸ್ತರೊಬ್ಬರನ್ನು ಫೋನ್ ಮಾಡಿ ಕರೆಸಿಕೊಂಡೆವು. ಹೊಲಿಗೆಯ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಬರೆಯಲು ಹೆದರಿದರು. ಕನ್ನಡದಲ್ಲಿಯೇ ಬರೆಯಿರಿ ಎಂದೆ. “ನನ್ನ ಮೇಲೆ ಹೊರಿಸಿರುವ ಆರೋಪವನ್ನು ನಾನು ಒಪ್ಪುವುದಿಲ್ಲ. ಆ ದಿನ ಮಧ್ಯಾಹ್ನ ಎರಡು ಗಂಟೆಯಿಂದ ನನ್ನ ಯಂತ್ರ ಕೆಟ್ಟಿತ್ತು, ಮೇಲ್ವಿಚಾರಕರಿಗೆ ಹೇಳಿದ್ದೆ” ಎಂದು ಶುರುಮಾಡಿದರು. ಯಂತ್ರದ ಸಂಖ್ಯೆ ಬರೆದರು, ರಿಪೇರಿಗೆ ಬಂದವರು ಹೊರಟ ಹೊತ್ತು ಬರೆದರು. ಒಂದು ಪುಟ ತುಂಬಿತು. ಮರುದಿನ ಬೆಳಗ್ಗೆ ಎಂಟಕ್ಕೆ ಕೊಟ್ಟು, ನಕಲಿನ ಮೇಲೆ ಸಹಿ ಹಾಕಿಸಿಕೊಂಡು, ಅದರ ಚಿತ್ರ ತೆಗೆದು ನನ್ನ ಮೊಬೈಲಿಗೆ ಕಳುಹಿಸಿದರು.